‘ಕಸಿಯಲಾಗದ ಹಕ್ಕು’ ಎಂದರೆ ಸಾಕೇ?

ಗೆಳೆಯರೇ,

1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಎರಡನೇ ಪ್ಯಾರಾವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅನ್‌ಏಲಿಯನಬಲ್ ರೈಟ್ಸ್’ ಎಂಬಲ್ಲಿ ಬಂದು ನಿಂತುಬಿಟ್ಟಿದ್ದೇನೆ. ಜೀವ, ಸ್ವಾತಂತ್ರ್ಯ, ಸುಖವನ್ನು ಅರಸುವುದು, ಇವು ಅಂಥ ಹಕ್ಕುಗಳು ಎನ್ನುತ್ತದೆ ಆ ಘೋಷಣೆ.

ಇದಕ್ಕೆ ‘ಕಸಿದುಕೊಳ್ಳಲಾಗದ ಹಕ್ಕು’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಅದು ಅರ್ಧ ಅರ್ಥ ಅಷ್ಟೇ. ಕಸಿಯುವವನು ಯಾವಾಗಲೂ ಬೇರೆಯವನು, ಅಲ್ವಾ? ಹಕ್ಕು ಯಾರದೋ ಅವರೇ ಅದನ್ನು ಬಿಟ್ಟುಕೊಡಲು ಬರುವುದಿಲ್ಲ ಎಂಬ ಮಾತೂ ಮೂಲದಲ್ಲಿದೆ. ‘ಏಲಿಯನೇಟ್’ ಆಸ್ತಿಯ ಕಾನೂನಿನಿಂದ ಬಂದ ಪದ. ಕನ್ನಡದ ಜಮೀನು ಪತ್ರಗಳಲ್ಲಿ ಅದಕ್ಕೆ ಒಪ್ಪುವ ಪದ ಇದ್ದೇ ಇದೆ: ಪರಭಾರೆ. ಹೊಲವನ್ನು ಮಾರಬಹುದು, ದಾನ ಕೊಡಬಹುದು, ಅದೆಲ್ಲ ಪರಭಾರೆ. ಸ್ವಾತಂತ್ರ್ಯವನ್ನು ಹಾಗೆ ಬರೆದುಕೊಡಲು ಬರುವುದಿಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. ‘ನಿಮ್ಮ ಹಿರಿಯರೇ ಒಪ್ಪಿ ಅಧಿಕಾರ ಕೊಟ್ಟಿದ್ದಾರೆ, ಈಗ ವಾಪಸ್ ಕೇಳಿದರೆ ಹೇಗೆ?’ ಎಂದು ಆಳುವವನು ಕೇಳಬಹುದು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತ್ಯ ಹೊರಡಿಸಿದ ಹಕ್ಕುಗಳ ಘೋಷಣೆಯಲ್ಲಿ ಇದಕ್ಕೆ ನೇರ ಉತ್ತರ ಇದೆ. ಜನ ಯಾವ ಒಪ್ಪಂದ ಮಾಡಿಕೊಂಡರೂ ತಮ್ಮ ಮುಂದಿನ ಪೀಳಿಗೆಯ ಸಹಜ ಹಕ್ಕುಗಳನ್ನು ಇಲ್ಲವಾಗಿಸಲು ಆಗದು ಎನ್ನುತ್ತದೆ ಅದು. ಅಜ್ಜ ಹಾಕಿದ ಸಹಿ ಮೊಮ್ಮಗಳನ್ನು ಕಟ್ಟಿಹಾಕುವುದಿಲ್ಲ. ‘ಕಸಿಯಲಾಗದ’ ಎಂದರೆ ಈ ವಾದವೇ ಕಾಣೆಯಾಗುತ್ತದೆ.

‘ನ್ಯಾಚುರಲ್ ರೈಟ್ಸ್’ಗೆ ‘ಸಹಜ ಹಕ್ಕು’ ಸಾಕು ಅನಿಸುತ್ತದೆ. ‘ನೈಸರ್ಗಿಕ’ ಎಂದರೆ ಕಾಡು, ನದಿ ನೆನಪಾಗುತ್ತವೆ. ‘ಹುಟ್ಟುಹಕ್ಕು’ ನನಗೆ ತುಂಬ ಇಷ್ಟದ ಪದ. ಆದರೆ ಇಂಥ ಮನೆಯಲ್ಲಿ ಹುಟ್ಟಿದ್ದರಿಂದ ಸಿಗುವ ಆಸ್ತಿಯ ಪಾಲಿಗೂ ಅದು ಹೊಂದುತ್ತದೆ. 1689ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಹೇಳಿದ್ದು ಮನುಷ್ಯರಾಗಿದ್ದರೆ ಸಾಕು, ತಾನಾಗಿ ಬರುವ ಹಕ್ಕನ್ನು.

ಇನ್ನೊಂದು ತೊಡಕು ‘ಸರ್ಕಾರ’. ಹಕ್ಕುಗಳನ್ನು ಕಾಪಾಡಲೆಂದೇ ಇರುವ ಆಡಳಿತ ಅವನ್ನೇ ಹಾಳುಮಾಡಿದರೆ ಅದನ್ನು ಬದಲಿಸುವ, ಇಲ್ಲವೇ ತೆಗೆದುಹಾಕುವ ಹಕ್ಕು ಜನರಿಗಿದೆ ಎನ್ನುತ್ತದೆ ಘೋಷಣೆ. ಇಲ್ಲಿ ‘ಸರ್ಕಾರ ಬದಲಿಸುವ’ ಎಂದು ಬರೆದರೆ ಓದುವವರ ಕಣ್ಣಿಗೆ ಚುನಾವಣೆ ಬರುತ್ತದೆ. ಆ ಜನರ ಮುಂದೆ ಇದ್ದದ್ದು ಮತಪೆಟ್ಟಿಗೆಯಲ್ಲ, ಅವರನ್ನು ಆಳುತ್ತಿದ್ದ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆ. ಮೂಲದಲ್ಲಿರುವುದೂ ‘ಫಾರ್ಮ್ ಆಫ್ ಗವರ್ನಮೆಂಟ್’. ಹಾಗಾಗಿ ‘ಆಳ್ವಿಕೆಯ ಪದ್ಧತಿ’ ಎಂದು ಬರೆದಿದ್ದೇನೆ. ‘ಅಬಾಲಿಶ್’ಗೆ ‘ರದ್ದು’ ಯಾಕೋ ಕಚೇರಿಯ ಆದೇಶದ ಹಾಗೆ ಕೇಳುತ್ತದೆ. ‘ಕಿತ್ತೊಗೆ’ಯಲ್ಲಿ ಸಿಟ್ಟು ಜಾಸ್ತಿ. ಮೂಲದವರು ಸಣ್ಣಪುಟ್ಟ ಕಾರಣಕ್ಕೆ ಹಳೆಯ ಆಡಳಿತ ಬದಲಿಸಬಾರದು ಎಂದೂ ಹೇಳಿದವರು. ‘ತೆಗೆದುಹಾಕು’ ಎಂಬುದಕ್ಕೇ ಬಂದು ನಿಂತಿದ್ದೇನೆ.

‘ಪರಭಾರೆ ಮಾಡಲಾಗದ’ ಎಂಬುದು ಅರ್ಥಕ್ಕೆ ಸರಿ, ಆದರೆ ಗಟ್ಟಿಯಾಗಿ ಓದಿದರೆ ನೋಂದಣಿ ಕಚೇರಿ ನೆನಪಾಗುತ್ತದೆ. ಸದ್ಯಕ್ಕೆ ‘ಯಾರೂ ಕಸಿಯಲಾಗದ, ತಾವೂ ಬಿಟ್ಟುಕೊಡಲಾಗದ ಹಕ್ಕುಗಳು’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು. ಎರಡೂ ಅರ್ಥ ಹೊರುವ ಒಂದೇ ಪದ ನಿಮಗೆ ಹೊಳೆಯುತ್ತದೆಯೇ?