ವಿಶ್ವವಿದ್ಯಾಲಯದ ಬರಹದಲ್ಲಿ ಡಾ., ಪ್ರೊ., ಪದವಿಗಳು: ಯಾರಿಗೆ, ಎಲ್ಲಿ, ಎಷ್ಟು ಹಾಕಬೇಕು?

ವಾರ್ತಾಪತ್ರ_ಸಂಪಾದಕಿ:

ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದ ವಾರ್ತಾಪತ್ರವನ್ನು ಈ ಸಲ ನಾನು ನೋಡಿಕೊಳ್ಳುತ್ತಿದ್ದೇನೆ. ಬರಹಗಳೆಲ್ಲ ಕೈಸೇರಿವೆ, ಆದರೆ ಹೆಸರುಗಳ ವಿಷಯದಲ್ಲಿ ತಲೆಕೆಟ್ಟು ಹೋಗಿದೆ. ಒಬ್ಬರು ಹೆಸರಿನ ಹಿಂದೆ ‘ಪ್ರೊ. ಡಾ.’ ಅಂತ ಎರಡೂ ಹಾಕಿ, ಹೆಸರಾದ ಮೇಲೆ ಎಂ.ಎ., ಎಂ.ಫಿಲ್., ಪಿಎಚ್.ಡಿ. ಅಂತ ಪೂರ್ತಿ ಪಟ್ಟಿ ಕೊಟ್ಟಿದ್ದಾರೆ. ಅವರಷ್ಟೇ ಓದಿರುವ, ಅದೇ ಹುದ್ದೆಯಲ್ಲಿರುವ ಇನ್ನೊಬ್ಬರು ಬರೀ ಹೆಸರು ಬರೆದು ಕಳಿಸಿದ್ದಾರೆ. ಇಬ್ಬರ ಬರಹವೂ ಎದುರುಬದುರು ಪುಟದಲ್ಲಿ ಬರುತ್ತದೆ. ಹಾಗೇ ಬಿಟ್ಟರೆ ಒಬ್ಬರು ದೊಡ್ಡವರು, ಇನ್ನೊಬ್ಬರು ಚಿಕ್ಕವರು ಅನ್ನಿಸುತ್ತದೆ ಅಲ್ವಾ?

ಇನ್ನೂ ಇವೆ. ಪಿ.ಎಚ್.ಡಿ., ಪಿಎಚ್.ಡಿ., ಪಿಹೆಚ್‌ಡಿ, ಪಿಎಚ್‌ಡಿ ನಾಲ್ಕೂ ರೂಪ ಬಂದಿವೆ. ಒಬ್ಬರು ಮಹಾಪ್ರಬಂಧ ಸಲ್ಲಿಸಿದ್ದಾರೆ, ಮೌಖಿಕ ಪರೀಕ್ಷೆ ಆಗಿಲ್ಲ, ‘ಡಾ.’ ಹಾಕಿಬಿಡಿ ಅಂತ ಅವರ ಗೆಳೆಯರು ಹೇಳುತ್ತಿದ್ದಾರೆ. ಮುಖ್ಯ ಅತಿಥಿಗಳಿಗೆ ಗೌರವ ಡಾಕ್ಟರೇಟ್ ಇದೆ. ಹಳೆಯ ವಿದ್ಯಾರ್ಥಿಗಳ ಪುಟದಲ್ಲಿ ಓದು ಅರ್ಧಕ್ಕೇ ಬಿಟ್ಟು ಹೋಗಿ, ಆಮೇಲೆ ದೊಡ್ಡ ಹೆಸರು ಮಾಡಿದ ಒಬ್ಬರಿದ್ದಾರೆ, ಅವರನ್ನು ನಮ್ಮ ಪದವೀಧರರು ಅನ್ನಬಹುದಾ? ಯಾರನ್ನೂ ನೋಯಿಸದೆ ಇದನ್ನೆಲ್ಲ ಒಂದು ದಾರಿಗೆ ತರುವುದು ಹೇಗೆ, ಈ ಕೆಲಸ ಮಾಡಿದವರು ಹೇಳಿ.

ಕರಡು_ತಿದ್ದುವವರು:

ಬರೆದವರು ಕಳಿಸಿದ ಹಾಗೇ ಅಚ್ಚು ಹಾಕಿದರೆ ಯಾರಿಗೂ ಬೇಜಾರಿಲ್ಲ ಅಂತ ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಆದರೆ ಅದರಿಂದ ನಷ್ಟವಾಗುವುದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳದೆ ಸುಮ್ಮನಿರುವವರಿಗೆ. ಹಾಗಾಗಿ ಒಂದು ನಿಯಮ ಮಾಡಿ, ಎಲ್ಲರಿಗೂ ಅದನ್ನೇ ಹಚ್ಚಿ. ಪದವಿ ಗಳಿಸಿದವರದ್ದು, ಅದನ್ನು ಬರೆಯುವ ರೀತಿ ಪತ್ರಿಕೆಯದ್ದು.

ನಾನು ಕೆಲಸ ಮಾಡುವ ಕಡೆ ಪಾಲಿಸುವುದು ಇಷ್ಟು. ಪದವಿ ಹೆಸರಿನ ಹಿಂದೆ ಬರಲಿ, ಇಲ್ಲವೇ ಹೆಸರಾದ ಮೇಲೆ ಬರಲಿ, ಎರಡೂ ಕಡೆ ಬೇಡ. ಹಿಂದೆ ‘ಡಾ.’ ಇದ್ದರೆ ಕೊನೆಗೆ ಪಿಎಚ್.ಡಿ. ಯಾಕೆ? ಹೇಳಿದ್ದನ್ನೇ ಮತ್ತೆ ಹೇಳಿದ ಹಾಗಾಯಿತು. ಮೊದಲ ಸಲ ಪೂರ್ತಿಯಾಗಿ ಬರೆದರೆ, ಆಮೇಲೆ ಬರೀ ಹೆಸರು ಮತ್ತು ‘ಅವರು’ ಸಾಕು. ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಕೂತಿರುತ್ತದೆ: ‘ಹೇಳಿದರು’, ‘ವಿವರಿಸಿದರು’. ಪ್ರತಿ ಸಾಲಿನಲ್ಲೂ ಡಾ. ಹಾಕಿದರೆ ಗೌರವವೇನೂ ಜಾಸ್ತಿ ಆಗುವುದಿಲ್ಲ, ಓದಲು ತೊಡಕಾಗುತ್ತದೆ.

ನಮಗೆ ಬರುವ ವರದಿಗಳು ಹೀಗಿರುತ್ತವೆ:

‘ಪ್ರೊ. ಡಾ. ಇಂಥವರು, ಎಂ.ಎಸ್ಸಿ., ಎಂ.ಫಿಲ್., ಪಿಎಚ್.ಡಿ., ಪ್ರಾಧ್ಯಾಪಕರು, ಸಸ್ಯಶಾಸ್ತ್ರ ವಿಭಾಗ, ಇವರು ಪಾಚಿಗಳ ಕುರಿತು ಉಪನ್ಯಾಸ ನೀಡಿದರು. ಪ್ರೊ. ಡಾ. ಇಂಥವರು ಮುಂದುವರಿದು ಮಾತನಾಡುತ್ತಾ…’

ತಿದ್ದಿದ ಮೇಲೆ:

‘ಸಸ್ಯಶಾಸ್ತ್ರ ಪ್ರಾಧ್ಯಾಪಕಿ ಡಾ. ಇಂಥವರು ಪಾಚಿಗಳ ಕುರಿತು ಉಪನ್ಯಾಸ ನೀಡಿದರು. ಕಲುಷಿತ ನೀರಿನಲ್ಲಿ ಪಾಚಿ ಹೇಗೆ ಹಬ್ಬುತ್ತದೆ ಎಂಬುದನ್ನು ಅವರು…’

ಹುದ್ದೆ ಒಂದು ಸಲ ಬಂತು, ಪದವಿ ಒಂದು ಸಲ ಬಂತು, ಉಳಿದ ಜಾಗ ಅವರ ಕೆಲಸಕ್ಕೆ ಸಿಕ್ಕಿತು. ಓದುಗರಿಗೆ ಬೇಕಾಗಿರುವುದು ಅದೇ. ಡಾಕ್ಟರೇಟ್ ಇದ್ದ ಮೇಲೆ ಕೆಳಗಿನ ಪದವಿಗಳನ್ನು ಪೋಣಿಸುವ ಅಗತ್ಯವೂ ಇಲ್ಲ. ಬೇರೆ ಕ್ಷೇತ್ರದ ಪದವಿ ಆ ಬರಹಕ್ಕೆ ಸಂಬಂಧಪಟ್ಟಿದ್ದರೆ ಮಾತ್ರ ಹೇಳಿ, ಉದಾಹರಣೆಗೆ ವೈದ್ಯಕೀಯ ನೀತಿಯ ಬಗ್ಗೆ ಬರೆಯುವವರಿಗೆ ಕಾನೂನು ಪದವಿಯೂ ಇದ್ದರೆ.

ಪ್ರೊ. ಮತ್ತು ಡಾ. ಬೇರೆ ಬೇರೆ ಜಾತಿಯವು ಅನ್ನುವುದು ನೆನಪಿರಲಿ. ಪ್ರೊ. ಅಂದರೆ ಹುದ್ದೆ, ಡಾ. ಅಂದರೆ ಪದವಿ. ಅಮೆರಿಕದಲ್ಲಿ ಸಹಾಯಕ ಪ್ರಾಧ್ಯಾಪಕರನ್ನೂ ಪ್ರೊಫೆಸರ್ ಅಂತಲೇ ಕರೆಯುವ ರೂಢಿ. ಬ್ರಿಟನ್ನಿನಲ್ಲಿ ಅದು ಬಹಳ ಕಾಲದಿಂದ ಅತಿ ಮೇಲಿನ ಹುದ್ದೆಯವರಿಗೆ ಮೀಸಲು. ಜರ್ಮನಿಯಲ್ಲಿ ಎರಡನ್ನೂ ಜೊತೆಗೇ ಹಾಕುತ್ತಾರೆ, ಎರಡು ಡಾಕ್ಟರೇಟ್ ಇದ್ದರೆ ಡಾ. ಎರಡು ಸಲ ಬರುವುದೂ ಉಂಟು. ನೀವು ಸಹಾಯಕ, ಸಹ, ಪೂರ್ಣ ಪ್ರಾಧ್ಯಾಪಕ ಅಂತ ಹುದ್ದೆಯನ್ನೇ ಬಿಡಿಸಿ ಬರೆದುಬಿಟ್ಟರೆ ಪ್ರೊ. ಬೇಕಾಗುವುದೇ ಇಲ್ಲ.

ಚುಕ್ಕಿ: ‘ಪಿಎಚ್’ ಅನ್ನುವುದು ಫಿಲಾಸಫಿ ಎಂಬ ಒಂದೇ ಪದದ ಮೊದಲ ಎರಡು ಅಕ್ಷರ. ಅದರ ನಡುವೆ ಚುಕ್ಕಿ ಬರಬಾರದು. ‘ಎಂ.ಎಸ್ಸಿ.’ ಕೂಡ ಹಾಗೇ, ಎಂ.ಎಸ್.ಸಿ. ಅಲ್ಲ. ಚುಕ್ಕಿಯೇ ಬೇಡ ಅಂದರೆ ಅದಕ್ಕೂ ಆಧಾರವಿದೆ, ಇಂಗ್ಲಿಷಿನಲ್ಲಿ ಸಂಪಾದಕರು ಬಳಸುವ ಬರವಣಿಗೆಯ ನಿಯಮಪುಸ್ತಕ ಷಿಕಾಗೋ ಕೈಪಿಡಿ ಪದವಿಗಳಿಗೆ ಚುಕ್ಕಿ ಹಾಕಬೇಡಿ ಅನ್ನುತ್ತದೆ. ಪಿಎಚ್.ಡಿ. ಆಗಲಿ ಪಿಎಚ್‌ಡಿ ಆಗಲಿ, ಒಂದನ್ನು ಆರಿಸಿ ಕೊನೆಯ ಪುಟದವರೆಗೂ ಅದನ್ನೇ ಉಳಿಸಿ.

ದಾಖಲಾತಿ_ಮೇಜು:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಅರ್ಜಿ, ಅಂಕಪಟ್ಟಿ ನೋಡುವ ಕೆಲಸದಲ್ಲಿದ್ದೇನೆ, ಹೊರಗಿನ ಪದವಿಗಳ ಹೆಸರು ದಿನಾ ಕಣ್ಣಿಗೆ ಬೀಳುತ್ತವೆ. ಚುಕ್ಕಿ ನಿಮ್ಮ ಇಷ್ಟ. ಆದರೆ ಪದವಿಯ ಹೆಸರನ್ನು ಮಾತ್ರ ಕೊಟ್ಟ ವಿಶ್ವವಿದ್ಯಾಲಯ ಏನು ಬರೆದಿದೆಯೋ ಹಾಗೇ ಇಡಿ, ‘ಸರಿಪಡಿಸಲು’ ಹೋಗಬೇಡಿ.

ಆಕ್ಸ್‌ಫರ್ಡ್ ಡಾಕ್ಟರೇಟಿಗೆ ಡಿ.ಫಿಲ್. ಅನ್ನುತ್ತದೆ. ಅದನ್ನು ನೋಡಿ ಎಂ.ಫಿಲ್. ಇರಬೇಕು, ಅಚ್ಚಿನ ತಪ್ಪು ಅಂತ ಬದಲಿಸಿದರೆ ಒಬ್ಬರ ಡಾಕ್ಟರೇಟನ್ನೇ ಕಿತ್ತುಕೊಂಡ ಹಾಗೆ. ಹಾರ್ವರ್ಡ್‌ನಲ್ಲಿ ಬಿ.ಎ. ಬದಲು ಎ.ಬಿ. ಅಂತಿರುತ್ತದೆ, ಯಾಕೆಂದರೆ ಅದು ಲ್ಯಾಟಿನ್ ಹೆಸರಿನ ಕ್ರಮ. ಅಮೆರಿಕದ ಎಂಐಟಿಯಲ್ಲಿ ಅದೇ ರೀತಿ ವಿಜ್ಞಾನದ ಪದವಿಗಳಿಗೆ ಎಸ್.ಬಿ., ಎಸ್.ಎಂ. ಇವು ಯಾವುವೂ ತಪ್ಪಲ್ಲ.

ಎಂ.ಎ. ಅಂತ ಕಂಡ ತಕ್ಷಣ ‘ಸ್ನಾತಕೋತ್ತರ ಪದವಿ’ ಅಂತ ಬರೆಯುವುದೂ ಅಪಾಯ. ಎಡಿನ್‌ಬರೋ, ಗ್ಲಾಸ್ಗೊ, ಸೇಂಟ್ ಆಂಡ್ರೂಸ್, ಅಬರ್ಡೀನ್ ಈ ನಾಲ್ಕು ಹಳೆಯ ಸ್ಕಾಟಿಷ್ ವಿಶ್ವವಿದ್ಯಾಲಯಗಳಲ್ಲಿ ಕಲಾ ವಿಭಾಗದ ಮೊದಲ ಪದವಿಯೇ ಎಂ.ಎ. ಇನ್ನು ಆಕ್ಸ್‌ಫರ್ಡ್‌ನಲ್ಲಿ ಬಿ.ಎ. ಮುಗಿಸಿದವರು, ವಿಶ್ವವಿದ್ಯಾಲಯ ಸೇರಿ 21 ಟರ್ಮ್ ಕಳೆದ ಮೇಲೆ, ಅಂದರೆ ಏಳು ವರ್ಷಕ್ಕೆ, ಬೇರೆ ಪರೀಕ್ಷೆಯಿಲ್ಲದೆ ಎಂ.ಎ. ಪಡೆಯಬಹುದು. ಹಾಗಾಗಿ ಅನುಮಾನವಿದ್ದರೆ ಪದವಿಯ ಹೆಸರು ಮತ್ತು ವಿಶ್ವವಿದ್ಯಾಲಯದ ಹೆಸರು ಎರಡನ್ನೂ ಬರೆದುಬಿಡಿ, ನಿಮ್ಮ ಕಡೆಯಿಂದ ವಿವರಣೆ ಕೊಡಬೇಡಿ.

ಲ್ಯಾಬ್_ಕಿಟಕಿ:

ನಾನು ಜೀವವಿಜ್ಞಾನದಲ್ಲಿ ಕೆಲಸ ಮಾಡುವವಳು. ‘ಒಂದೇ ನಿಯಮ ಎಲ್ಲರಿಗೂ’ ಅಂತ ಮೇಲೆ ಹೇಳಿದ್ದಾರಲ್ಲ, ಅದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಯಮ ಇಲ್ಲದಿದ್ದಾಗ ಬಿರುದು ಉದುರಿಹೋಗುವುದು ಎಲ್ಲರದ್ದೂ ಸಮವಾಗಿ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ವೈದ್ಯಕೀಯ ಉಪನ್ಯಾಸಗಳ ದೃಶ್ಯದಾಖಲೆ ನೋಡಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಗಂಡಸರು ಗಂಡಸರನ್ನು ಸಭೆಗೆ ಪರಿಚಯಿಸುವಾಗ ಶೇ. 72ರಷ್ಟು ಸಲ ‘ಡಾ.’ ಎಂದಿದ್ದರು. ಹೆಂಗಸರನ್ನು ಪರಿಚಯಿಸುವಾಗ ಅದು ಶೇ. 49ಕ್ಕೆ ಇಳಿದಿತ್ತು. ಹೆಂಗಸರು ಪರಿಚಯಿಸಿದಾಗ ಮಾತ್ರ, ಎದುರಿಗಿದ್ದವರು ಯಾರೇ ಆಗಿರಲಿ, ಶೇ. 96ರಷ್ಟು ಸಲ ಬಿರುದು ಬಂದಿತ್ತು. ಬೇಕೆಂದೇ ಹೀಗೆ ಮಾಡುವವರು ಕಡಿಮೆ. ಬಾಯಿಗೆ ಬಂದದ್ದು ಹಾಗೆ ಬಂದಿರುತ್ತದೆ, ಅದಕ್ಕೇ ಬರೆದಿಟ್ಟ ನಿಯಮ ಬೇಕು.

ಗೋಷ್ಠಿಯ ಸುದ್ದಿ ಬರೆಯುವಾಗ ಒಂದು ಕೆಲಸ ಮಾಡಿ. ಎಲ್ಲ ಬರೆದಾದ ಮೇಲೆ ಹೆಸರುಗಳನ್ನಷ್ಟೇ ಒಂದರ ಕೆಳಗೊಂದು ಇಟ್ಟು ನೋಡಿ. ಮೂವರಿಗೆ ಡಾ. ಇದ್ದು ನಾಲ್ಕನೆಯವರಿಗೆ ‘ಶ್ರೀಮತಿ’ ಅಂತಿದ್ದರೆ, ಅವರಿಗೆ ನಿಜವಾಗಿಯೂ ಡಾಕ್ಟರೇಟ್ ಇಲ್ಲವೋ ಅಥವಾ ಯಾರೂ ಕೇಳಲಿಲ್ಲವೋ ಅಂತ ಒಂದು ಫೋನ್ ಮಾಡಿ ತಿಳಿದುಕೊಳ್ಳಿ.

ಇನ್ನೊಂದು ಮಾತು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಬರವಣಿಗೆ ಕೈಪಿಡಿ ‘ಡಾ.’ ಅನ್ನು ವೈದ್ಯರಿಗೆ, ದಂತವೈದ್ಯರಿಗೆ ಇಂಥವರಿಗಷ್ಟೇ ಉಳಿಸಿಕೊಳ್ಳುತ್ತದೆ. ದಿನಪತ್ರಿಕೆ ಓದುವವರು ಡಾ. ಅಂದರೆ ವೈದ್ಯರೇ ಅಂದುಕೊಳ್ಳುತ್ತಾರೆ, ಅದಕ್ಕೆ ಹಾಗೆ. ವಿಶ್ವವಿದ್ಯಾಲಯದ ಬರಹಕ್ಕೆ ಅದು ಹೊಂದುವುದಿಲ್ಲ, ಸಂಶೋಧನೆ ಮಾಡಿ ಪದವಿ ಪಡೆಯುವ ಜಾಗವೇ ಅದನ್ನು ಗುರುತಿಸದಿದ್ದರೆ ಹೇಗೆ? ಆದರೆ ಆರೋಗ್ಯದ ಸುದ್ದಿಯಲ್ಲಿ ಮಾತ್ರ ಹುಷಾರು. ಲಸಿಕೆಯ ಬಗ್ಗೆ ಸಂಖ್ಯಾಶಾಸ್ತ್ರಜ್ಞರು ಮಾತಾಡಿದ್ದರೆ ‘ಸಂಖ್ಯಾಶಾಸ್ತ್ರಜ್ಞ ಡಾ. ಇಂಥವರು’ ಅಂತ ಸ್ಪಷ್ಟವಾಗಿ ಹಾಕಿ. ಬ್ರಿಟನ್ನಿನಲ್ಲಿ ಶಸ್ತ್ರಚಿಕಿತ್ಸಕರು ರೂಢಿಯಂತೆ ಡಾ. ಬಿಟ್ಟು ಮಿಸ್ಟರ್, ಮಿಸ್ ಅಂತ ಕರೆಸಿಕೊಳ್ಳುತ್ತಾರೆ, ಅಲ್ಲಿಂದ ಬಂದ ಅತಿಥಿ ಇದ್ದರೆ ಅವರನ್ನೇ ಕೇಳುವುದು ಒಳ್ಳೆಯದು.

ಹಳೇ_ಗ್ರಂಥಪಾಲಕ:

ಗೌರವ ಡಾಕ್ಟರೇಟ್ ಬಗ್ಗೆ ಯಾರೂ ಹೇಳಲಿಲ್ಲ. ಈಗ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಗೌರವ ಪದವಿಗೆ ಡಾ. ಹಚ್ಚುವುದಿಲ್ಲ. ಹಿಂದೆ ಹಾಗಿರಲಿಲ್ಲ. ಅಮೆರಿಕದ ವಿಜ್ಞಾನಿ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ಗೆ 1759ರಲ್ಲಿ ಸೇಂಟ್ ಆಂಡ್ರೂಸ್ ಗೌರವ ಪದವಿ ಕೊಟ್ಟಿತು, ಅಲ್ಲಿಂದ ಅವರು ಎಲ್ಲರ ಬಾಯಲ್ಲೂ ಡಾಕ್ಟರ್ ಫ್ರಾಂಕ್ಲಿನ್. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ದುಡ್ಡಿಲ್ಲದೆ ಆಕ್ಸ್‌ಫರ್ಡ್‌ನ ಓದು ಮುಗಿಸದೆ ಬಿಟ್ಟವರು. ಡಬ್ಲಿನ್ನಿನ ಟ್ರಿನಿಟಿ ಕಾಲೇಜು 1765ರಲ್ಲಿ, ಆಕ್ಸ್‌ಫರ್ಡ್ 1775ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟವು. ಇವತ್ತಿಗೂ ಜಗತ್ತು ಅವರನ್ನು ಡಾಕ್ಟರ್ ಜಾನ್ಸನ್ ಅಂತಲೇ ಕರೆಯುತ್ತದೆ. ಹಾಗಾಗಿ ಗೌರವ ಪದವಿಗೆ ಬೆಲೆಯಿಲ್ಲ ಅಂತ ನಾನು ಒಪ್ಪುವುದಿಲ್ಲ.

ಆದರೆ ವಾರ್ತಾಪತ್ರದಲ್ಲಿ ನನ್ನ ಆಯ್ಕೆ: ‘2019ರಲ್ಲಿ ಇಂಥ ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟ್ ಪಡೆದ ಇಂಥವರು’. ಕೊಟ್ಟವರ ಹೆಸರು, ವರ್ಷ ಎರಡೂ ಇರುವುದರಿಂದ ಬರೀ ಡಾ. ಗಿಂತ ಇದರಲ್ಲೇ ಗೌರವ ಹೆಚ್ಚು. ವರ್ಷಗಟ್ಟಲೆ ಸಂಶೋಧನೆ ಮಾಡಿ ಪದವಿ ಪಡೆದವರಿಗೂ ಅನ್ಯಾಯವಾಗುವುದಿಲ್ಲ.

ನಿವೃತ್ತರ ವಿಷಯವೂ ಹೇಳಿಬಿಡುತ್ತೇನೆ. ನಿವೃತ್ತರೆಲ್ಲ ಎಮೆರಿಟಸ್ (ನಿವೃತ್ತಿಯ ಮೇಲೂ ಗೌರವಕ್ಕಾಗಿ ಹುದ್ದೆಯ ಹೆಸರು ಉಳಿಸಿಕೊಂಡವರು) ಅಲ್ಲ. ಬಹಳ ಕಡೆ ಅದನ್ನು ವಿಶ್ವವಿದ್ಯಾಲಯವೇ ಆದೇಶ ಮಾಡಿ ಕೊಡಬೇಕು. ಆದೇಶ ಇಲ್ಲದಿದ್ದರೆ ‘ನಿವೃತ್ತ ಪ್ರಾಧ್ಯಾಪಕರು’ ಅಂತ ಬರೆಯಿರಿ.

ವಾರ್ತಾಪತ್ರ_ಸಂಪಾದಕಿ:

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ, ತುಂಬಾ ಥ್ಯಾಂಕ್ಸ್. ಆದರೆ ಅತಿಥಿಗಳ ಕಡೆಯವರು ಆಮಂತ್ರಣ ಪತ್ರಿಕೆಯಲ್ಲೂ ಡಾ. ಇರಲಿ ಅನ್ನುತ್ತಿದ್ದಾರೆ, ಅಲ್ಲಿ ಏನು ಮಾಡಲಿ? ಮಹಾಪ್ರಬಂಧ ಸಲ್ಲಿಸಿದವರದ್ದು ಮತ್ತು ಅರ್ಧಕ್ಕೆ ಬಿಟ್ಟವರದ್ದು ಇನ್ನೂ ಬಾಕಿ ಇದೆ.

ಕರಡು_ತಿದ್ದುವವರು:

ಆಮಂತ್ರಣ, ಪತ್ರ, ವೇದಿಕೆ ಮೇಲಿನ ಮಾತು ಇವೆಲ್ಲ ಒಬ್ಬರನ್ನು ನೇರವಾಗಿ ಕರೆಯುವ ಜಾಗ. ಅಲ್ಲಿ ಅವರು ಬಯಸಿದಂತೆ ಕರೆಯಿರಿ, ತಪ್ಪಿಲ್ಲ. ವಾರ್ತಾಪತ್ರ ಅವರ ಬಗ್ಗೆ ಬೇರೆಯವರಿಗೆ ಹೇಳುವ ಜಾಗ, ಅಲ್ಲಿ ನಿಮ್ಮ ನಿಯಮ. ಹೀಗೆ ಬೇರೆ ಮಾಡಿಕೊಂಡರೆ ಅರ್ಧ ಜಗಳ ಬರುವುದೇ ಇಲ್ಲ.

ಮಹಾಪ್ರಬಂಧ ಸಲ್ಲಿಸಿದವರಿಗೆ ಡಾ. ಬೇಡ. ಎಷ್ಟೇ ಪ್ರೀತಿಯವರಾದರೂ ಬೇಡ. ‘ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸಿರುವ ಸಂಶೋಧನಾ ವಿದ್ಯಾರ್ಥಿ’ ಅಂತ ಬರೆಯಿರಿ, ಅದೇನು ಸಣ್ಣ ಮಾತಲ್ಲ. ಮೌಖಿಕ ಪರೀಕ್ಷೆ ಮುಗಿದು ವಿಶ್ವವಿದ್ಯಾಲಯ ಪದವಿ ಘೋಷಿಸಿದ ಮೇಲೆ ಡಾ. ತಾನಾಗಿಯೇ ಬರುತ್ತದೆ. ಜರ್ಮನಿಯಲ್ಲಂತೂ ಮಹಾಪ್ರಬಂಧವನ್ನು ಪ್ರಕಟಿಸಿ ಪ್ರಮಾಣಪತ್ರ ಕೈಗೆ ಬರುವವರೆಗೆ ಸಾಮಾನ್ಯವಾಗಿ ಬಿರುದು ಬಳಸುವಂತಿಲ್ಲ. ಅಧಿಕಾರವಿಲ್ಲದೆ ಬಳಸುವುದು ಅಲ್ಲಿನ ದಂಡಸಂಹಿತೆಯ 132ಎ ಕಲಮಿನ ಪ್ರಕಾರ ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ ದಂಡ. ನೀವು ಮೊದಲೇ ಹಾಕಿಬಿಟ್ಟರೆ ಮುಜುಗರ ಅನುಭವಿಸುವವರು ಆ ವಿದ್ಯಾರ್ಥಿಯೇ.

ಓದು ಬಿಟ್ಟವರನ್ನು ‘ಹಳೆಯ ವಿದ್ಯಾರ್ಥಿ’ ಅನ್ನಿ, ‘ಪದವೀಧರ’ ಅನ್ನಬೇಡಿ. ಬಿಲ್ ಗೇಟ್ಸ್ ಹಾರ್ವರ್ಡ್‌ನಲ್ಲಿ ಓದಿದವರು, ಪದವಿ ಮುಗಿಸಲಿಲ್ಲ. 2007ರಲ್ಲಿ ಅಲ್ಲಿಂದಲೇ ಗೌರವ ಪದವಿ ಪಡೆದರು. ಈ ಮೂರನ್ನೂ ನೇರವಾಗಿ ಹೇಳಿದರೆ ಯಾರಿಗೂ ಕುಂದಿಲ್ಲ. ಓದಿದ ವರ್ಷಗಳನ್ನು ಕೊಡಿ, ಅಷ್ಟೇ.

ದಾಖಲಾತಿ_ಮೇಜು:

ಹಳೆಯ ವಿದ್ಯಾರ್ಥಿಗಳ ಪುಟದಲ್ಲಿ ‘1998ರ ಬ್ಯಾಚ್’ ಅಂತ ಮಾತ್ರ ಬರೆಯಬೇಡಿ. ಸೇರಿದ ವರ್ಷವಾ, ಮುಗಿಸಿದ ವರ್ಷವಾ ತಿಳಿಯುವುದಿಲ್ಲ, ಒಂದೇ ತರಗತಿಯ ಇಬ್ಬರು ಬೇರೆ ಬೇರೆ ವರ್ಷ ಕೊಡುತ್ತಾರೆ. ‘ಎಂ.ಎ., 2000’ ಅಂತ ಪದವಿಯ ಜೊತೆ ಅದು ಸಿಕ್ಕ ವರ್ಷ ಹಾಕಿ.

ವಾರ್ತಾಪತ್ರ_ಸಂಪಾದಕಿ:

ಸರಿ, ಎಲ್ಲರಿಗೂ ಒಂದೇ ಪತ್ರ ಕಳಿಸುತ್ತೇನೆ: ಹೆಸರು, ಈಗಿನ ಹುದ್ದೆ, ಅತಿ ಮೇಲಿನ ಪದವಿ, ಕೊಟ್ಟ ವಿಶ್ವವಿದ್ಯಾಲಯ, ವರ್ಷ. ಬರೀ ಹೆಸರು ಕಳಿಸಿದವರಿಗೂ ಇದೇ ಪತ್ರ. ಕೊನೆಯದಾಗಿ, ಕುಲಪತಿಗಳ ಸಂದೇಶ ಮೊದಲ ಪುಟದಲ್ಲಿದೆ. ಅವರಿಗೂ ಇದೇ ನಿಯಮವಾ?

ಕರಡು_ತಿದ್ದುವವರು:

ಹೌದು, ಅವರಿಗೂ ಇದೇ. ಮೇಲಿನವರಿಗೆ ಒಂದು ರಿಯಾಯಿತಿ ಕೊಟ್ಟರೆ ಮಿಕ್ಕವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಶೀರ್ಷಿಕೆಯಲ್ಲಿ ‘ಕುಲಪತಿ ಡಾ. ಇಂಥವರು’ ಅಂದರೆ ಸಾಕು. ಸಂದೇಶದ ಕೆಳಗೆ ಅವರೇ ಸಹಿ ಹಾಕಿ ಹೆಸರು ಬರೆದಿದ್ದರೆ ಅದನ್ನು ಮುಟ್ಟಬೇಡಿ, ಇದ್ದ ಹಾಗೇ ಹಾಕಿ.