ತುರ್ತು: ಕ್ಲಚ್ ‘ಹಿಡಿಯಿತು’, ಬೇರಿಂಗ್ ‘ಹಿಡಿಯಿತು’. ಬೇರೆ ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕಾರ್ಟ್ ರೇಸಿಂಗ್ ತಂಡವೊಂದರ ಮೆಕ್ಯಾನಿಕ್‌ಗಳಿಗಾಗಿ ಗೋಡೆಗೆ ಅಂಟಿಸುವ ಸೂಚನಾಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಫೋರ್ ಸ್ಟ್ರೋಕ್ ಎಂಜಿನ್, ಸೆಂಟ್ರಿಫ್ಯೂಗಲ್ ಕ್ಲಚ್, ಡ್ರಮ್ಮಿನೊಳಗಿನ ಬೇರಿಂಗ್ ತೊಂದರೆ ಕೊಟ್ಟರೆ ಏನು ಮಾಡಬೇಕು ಎಂಬುದು ವಿಷಯ. ಭಾಗಗಳ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ, ಬೇರಿಂಗ್ ಬೇರಿಂಗೇ. ತೊಡಕಿರುವುದು ಕ್ರಿಯಾಪದದಲ್ಲಿ.

ಆಕ್ಸಿಲರೇಟರ್ ತುಳಿದಾಗ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಒತ್ತಿದರೆ ‘ಕ್ಲಚ್ ಹಿಡೀತು’ ಅನ್ನುತ್ತಾರೆ. ಎಣ್ಣೆ ಒಣಗಿ ಬೇರಿಂಗ್ ಶಾಫ್ಟಿಗೆ ಕಚ್ಚಿಕೊಂಡರೂ ‘ಹಿಡೀತು’ ಅನ್ನುತ್ತಾರೆ. ಮೊದಲನೆಯದು ಆಗಲೇಬೇಕಾದದ್ದು, ಎರಡನೆಯದು ಆಗಬಾರದ್ದು. ನನ್ನ ಕರಡಿನಲ್ಲಿ ‘ಐಡಲ್‌ನಲ್ಲಿ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ) ಹಿಡಿದರೆ ಎಂಜಿನ್ ಆಫ್ ಮಾಡಿ ಪರೀಕ್ಷಿಸಿ’ ಎಂದಿದೆ. ಓದಿದವನು ಶೂ ನೋಡಬೇಕೋ, ಬೇರಿಂಗ್ ನೋಡಬೇಕೋ?
— ಸು.ಮ.

*

> ಬೇರಿಂಗ್ ಬೇರಿಂಗೇ

ಸಮಸ್ಯೆ ಶುರುವಾಗುವುದೇ ಇಲ್ಲಿ. ಮೊದಲ ಸಾಲಿನಲ್ಲೇ ಸೋಲೊಪ್ಪಿಕೊಂಡು ಕ್ರಿಯಾಪದಕ್ಕೆ ಅಳುತ್ತೀರಿ. ಎತ್ತಿನ ಗಾಡಿ ಕಟ್ಟಿದ ನಾಡಿಗೆ ತಿರುಗುವ ವಸ್ತುವಿನ ಪದಕ್ಕೆ ಬರವೇ? ಇರುಸು, ಚಕ್ರದ ನಡುವಿನ ಗುಂಬ, ಚಕ್ರ ಕಳಚದಂತೆ ತಡೆಯುವ ಕಡಾಣಿ, ಕೀಲೆಣ್ಣೆ ಎಲ್ಲವೂ ಇವೆ. ಇರುಸು ಅಪ್ಪಟ ನಮ್ಮದು, ತಮಿಳಿನಲ್ಲೂ ಇರುಸೇ. ಅಚ್ಚು ಬೇಡ, ಅದು ಅಕ್ಷದ ತದ್ಭವ. ಬೇರಿಂಗ್‌ಗೆ ‘ಇರುಸುಗೂಡು’, ಲೂಬ್ರಿಕೆಂಟ್‌ಗೆ ‘ಕೀಲೆಣ್ಣೆ’. ಬಳಸಿ ನೋಡಿ.
— ಕೆ.ವಿ.

*

ಕೆ.ವಿ. ಸಾರ್, ಇರುಸು ಅಂದರೆ ತಿರುಗುವ ಚಕ್ರವನ್ನು ಹೊರುವ ದಂಡ. ಇಲ್ಲಿ ದಂಡವೇ ತಿರುಗುತ್ತದೆ, ಕ್ಲಚ್ ಹಿಡಿಯುವವರೆಗೆ ಡ್ರಮ್ ನಿಂತಿರುತ್ತದೆ.

ಕೀಲೆಣ್ಣೆಯನ್ನಂತೂ ದಯವಿಟ್ಟು ಬರೆಯಬೇಡಿ. ಓದಿದವನು ಗ್ರೀಸ್ ಡಬ್ಬಿಗೆ ಕೈ ಹಾಕುತ್ತಾನೆ. ಈ ಕ್ಲಚ್‌ಗಳಲ್ಲಿ ಎರಡು ಬಗೆ. ಕೆಲವಕ್ಕೆ ಕಂಚಿನ ಬುಷ್, ಅಂದರೆ ರೋಲರ್ ಇಲ್ಲದ ಬರೀ ಕೊಳವೆ. ಅದರ ಮೈತುಂಬ ಸೂಕ್ಷ್ಮ ರಂಧ್ರ, ಎಣ್ಣೆ ಅದರೊಳಗೇ ಹೀರಿಕೊಂಡಿರುತ್ತದೆ. ಅದಕ್ಕೆ ಕೆಲವೇ ಹನಿ ಎಣ್ಣೆ ಹಾಕಬೇಕು. ಗ್ರೀಸ್ ಮೆತ್ತಿದರೆ ರಂಧ್ರ ಮುಚ್ಚುತ್ತದೆ. ಇನ್ನು ಕೆಲವಕ್ಕೆ ನೀಡಲ್ ಬೇರಿಂಗ್, ಅಂದರೆ ಸೂಜಿಯಂಥ ತೆಳು ರೋಲರ್‌ಗಳಿರುವುದು. ಅದಕ್ಕೆ ಹೆಚ್ಚು ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಯಾವುದೇ ಆಗಲಿ, ಹೆಚ್ಚಾದದ್ದು ಸಿಡಿದು ಶೂಗೆ ಬೀಳುತ್ತದೆ, ಕ್ಲಚ್ ಜಾರುತ್ತದೆ, ಆ ಬಿಸಿಗೆ ಬುಷ್‌ನಲ್ಲಿದ್ದ ಎಣ್ಣೆಯೂ ಬೆಂದುಹೋಗುತ್ತದೆ. ಹಾಗಾಗಿ ಬುಷ್, ಬೇರಿಂಗ್ ಎರಡಕ್ಕೂ ಒಂದೇ ‘ಕನ್ನಡ’ ಪದ ಕೊಟ್ಟರೆ ಎಂಜಿನ್ನಿಗೇ ಪೆಟ್ಟು.

ಸು.ಮ. ಅವರಿಗೆ: ಶಾಫ್ಟ್ ಸುತ್ತುತ್ತಾ ಡ್ರಮ್ ನಿಂತಿರುವಾಗ, ಅಂದರೆ ಐಡಲ್‌ನಲ್ಲಿ, ಬೇರಿಂಗಿಗೆ ಉರುಳುವ ಕೆಲಸ. ಕ್ಲಚ್ ಪೂರ್ತಿ ಹಿಡಿದ ಮೇಲೆ ಎರಡೂ ಒಟ್ಟಿಗೆ ಸುತ್ತುತ್ತವೆ, ರೋಲರ್‌ಗಳು ಇದ್ದಲ್ಲೇ ಕೂತು ಚೈನಿನ ಎಳೆತವನ್ನೂ ಅದುರನ್ನೂ ತಿನ್ನುತ್ತವೆ. ಬಿಚ್ಚಿದಾಗ ಶಾಫ್ಟಿನ ಮೇಲೆ ಸಾಲು ಗೆರೆ ಕಾಣುವುದು ಅದಕ್ಕೇ. ಚೈನ್ ಬಿಗಿಯಾದಷ್ಟೂ ಗೆರೆ ಆಳ. ಇದನ್ನೂ ಪತ್ರಕ್ಕೆ ಸೇರಿಸಿ. ಚೈನ್ ಸಡಿಲಿಸದೆ ಬರೀ ಬೇರಿಂಗ್ ಬದಲಿಸುವವರೇ ಹೆಚ್ಚು.
— ಜ.ರಾ.

*

ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ಸು.ಮ., ಉತ್ತರ ನಿಮ್ಮ ಬಾಯಲ್ಲೇ ಇದೆ. ‘ಕೊಳ್’ ಬಳಸಿ. ‘ಬ್ರೇಕ್ ಹಿಡೀತು’ ಅಂದರೆ ಸಮಾಧಾನ, ‘ಬ್ರೇಕ್ ಹಿಡ್ಕೊಂಡ್‌ಬಿಡ್ತು’ ಅಂದರೆ ಗಾಬರಿ. ಕತ್ತು, ಸೊಂಟ ಎಲ್ಲ ಹಿಡಿದುಕೊಳ್ಳುತ್ತವೆ. ಯಾರೂ ಮಾಡದೆ ತಾನಾಗಿ ಆದದ್ದು, ಬಿಡಿಸಿಕೊಳ್ಳಲಾಗದ್ದು ಎಂಬ ಅರ್ಥವನ್ನು ಆ ಒಂದು ಸಹಾಯಕ ಕ್ರಿಯಾಪದವೇ ಹೊರುತ್ತದೆ. ಕ್ಲಚ್ ಹಿಡಿಯುತ್ತದೆ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಆದರೆ ಕರ್ತೃಪದ ಬಿಡಬೇಡಿ. ನಿಮ್ಮ ಕರಡು ಕೆಟ್ಟಿರುವುದು ಕರ್ತೃವನ್ನು ನುಂಗಿದ್ದರಿಂದ.
— ಪಿ.ಎಸ್.

*

ಆಡುಮಾತಿನಲ್ಲಿ ‘ಕೊಂಡು’ ಅರ್ಧ ನುಂಗಿಹೋಗುತ್ತದೆ. ಸುರಕ್ಷತೆಯ ಸೂಚನೆಯನ್ನು ಅಂಥ ಪ್ರತ್ಯಯದ ಮೇಲೆ ನಿಲ್ಲಿಸಬಾರದು. ಶಾಸ್ತ್ರವಿಷಯಕ್ಕೆ ಶಾಸ್ತ್ರಪದವೇ ಸರಿ: ಮೊದಲನೆಯದಕ್ಕೆ ‘ಸಂಲಗ್ನ’, ಎರಡನೆಯದಕ್ಕೆ ‘ಸ್ತಂಭನ’.
— ಎನ್.ಕೆ.

*

ಕೊಳ್ ಪ್ರತ್ಯಯವಲ್ಲ. ಗೋಡೆಗೆ ಅಂಟಿಸುವ ಹಾಳೆಯನ್ನು ಯಾರೂ ನುಂಗುವುದೂ ಇಲ್ಲ. ಕೈಯಲ್ಲಿ ಪಾನಾ ಹಿಡಿದವನು ‘ಸಂಲಗ್ನ’ ಓದಿ ಲಗ್ನಪತ್ರಿಕೆ ಅಂದುಕೊಂಡಾನು.
— ಪಿ.ಎಸ್.

*

ಎನ್.ಕೆ. ಅವರದು ಹಳೆಯ ರೋಗ. ಇಂಗ್ಲಿಷ್ ತೆಗೆದು ಆ ಜಾಗಕ್ಕೆ ಸಂಸ್ಕೃತ ಹಾಕಿದರೆ ಸಾಲ ತೀರುವುದಿಲ್ಲ, ಸಾಲ ಕೊಟ್ಟವನು ಬದಲಾಗುತ್ತಾನೆ.
— ಕೆ.ವಿ.

*

ನಿಮ್ಮ ಪಟ್ಟಿಯಲ್ಲೇ ಕಡಾಣಿ ಇದೆಯಲ್ಲ ಸ್ವಾಮಿ. ಅದರ ಆಣಿ ಋಗ್ವೇದದಲ್ಲಿದೆ, ಅದೂ ರಥದ ಆಣಿಯಾಗಿಯೇ. ಗುಂಬ ಬಂದದ್ದು ಕುಂಭದಿಂದ ಅನ್ನುವವರೂ ಇದ್ದಾರೆ. ಸೋಸುತ್ತಾ ಹೋದರೆ ನಿಮ್ಮ ಗಾಡಿಯಲ್ಲಿ ಇರುಸೊಂದೇ ಉಳಿದೀತು.
— ಎನ್.ಕೆ.

*

ಋಗ್ವೇದದಲ್ಲಿದ್ದ ಮಾತ್ರಕ್ಕೆ ಸಂಸ್ಕೃತದ್ದೇ ಎಂದು ಯಾರು ಹೇಳಿದರು? ಆಣಿ ದ್ರಾವಿಡದಿಂದ ಅಲ್ಲಿಗೆ ಹೋಗಿರಬಾರದೇಕೆ? ವಿವರವಾಗಿ ಬರೆಯುತ್ತೇನೆ.
— ಕೆ.ವಿ.

*

ಬರೆಯಿರಿ, ಆದರೆ ಬೇರೆ ಎಳೆಯಲ್ಲಿ. ನನಗಿನ್ನೂ ಒಂದು ಪದ ಬೇಕಿದೆ. ಮೂಲದಲ್ಲಿ ‘ಪ್ಲೇ’ (ಭಾಗದ ಸಡಿಲ ಅಲುಗಾಟ) ಎರಡು ಕಡೆ ಬರುತ್ತದೆ. ಡ್ರಮ್ಮಿಗೆ ಸ್ವಲ್ಪ ಪ್ಲೇ ಇರಬೇಕು ಅನ್ನುತ್ತದೆ, ಮುಂದಿನ ಸಾಲಿನಲ್ಲೇ ಪ್ಲೇ ಇದ್ದರೆ ಬೇರಿಂಗ್ ಬದಲಿಸಿ ಅನ್ನುತ್ತದೆ. ಎರಡಕ್ಕೂ ‘ಆಟ’ ಎಂದು ಬರೆದಿದ್ದೆ.
— ಸು.ಮ.

*

ಮೊದಲನೆಯದು ಶಾಫ್ಟಿನ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ‘ಹಿಂದೆ ಮುಂದೆ ಕೂದಲೆಳೆಯಷ್ಟು ಜರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು’ ಎಂದು ಬಿಡಿಸಿಯೇ ಬರೆಯಿರಿ, ನಾಮಪದ ಬೇಕಿಲ್ಲ. ಜರುಗದಿದ್ದರೆ ವಾಷರ್ ತಪ್ಪಾಗಿ ಕೂತಿರಬಹುದು.

ಅಳತೆ ಬರೆಯುವಾಗ ಎಚ್ಚರ. ಮುಕ್ಕಾಲು ಇಂಚಿನ ಶಾಫ್ಟ್ ಅಂದರೆ 19.05 ಮಿ.ಮೀ. ಓದಲು ಸುಲಭವಾಗಲೆಂದು 19 ಮಾಡಬೇಡಿ. ಶಾಫ್ಟಿನ ಮೇಲೇ ಕೂರುವ ಬೇರಿಂಗ್ ಆದರೆ 19ರದ್ದು ಏರುವುದಿಲ್ಲ, 20ರದ್ದು ಹಾಕಿದರೆ ಅಲ್ಲಾಡುತ್ತದೆ.
— ಜ.ರಾ.

*

ಧನ್ಯವಾದ. ಕೊನೆಗೆ ಹೀಗೆ ಮಾಡಿದ್ದೇನೆ:

‘ಐಡಲ್‌ನಲ್ಲೇ ಕಾರ್ಟ್ ತಾನಾಗಿ ಮುಂದಕ್ಕೆ ತೆವಳಿದರೆ ಎಂಜಿನ್ ಆಫ್ ಮಾಡಿ. ಬಿಸಿ ಆರಿದ ಮೇಲೆ ಚೈನ್ ಕಳಚಿ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಿದರೆ ಬೇರಿಂಗ್ ಹಿಡಿದುಕೊಂಡಿಲ್ಲ. ಐಡಲ್ ವೇಗ ಹೆಚ್ಚಿರಬಹುದು, ಇಲ್ಲವೇ ಕ್ಲಚ್ ಸ್ಪ್ರಿಂಗ್ ಸೋತು ಶೂ ಬೇಗ ಹಿಡಿಯುತ್ತಿರಬಹುದು. ತಿರುಗದಿದ್ದರೆ ಬೇರಿಂಗ್ ಹಿಡಿದುಕೊಂಡಿರಬಹುದು. ಡ್ರಮ್ ತೆಗೆದು ಶಾಫ್ಟ್ ನೋಡಿ. ನೀಲಿ ತಿರುಗಿದ್ದರೆ ಅಥವಾ ಗೆರೆ ಉಗುರಿಗೆ ತಗುಲಿದರೆ ಬರೀ ಬೇರಿಂಗ್ ಬದಲಿಸಿ ಓಡಿಸಬೇಡಿ. ಹೊಸ ಬೇರಿಂಗ್ ಹಾಕುವಾಗ ಗ್ರೀಸ್ ತೆಳ್ಳಗೆ ಸವರಿ.’
— ಸು.ಮ.

*

ಎಲ್ಲಿಗೆ ಸವರಬೇಕು? ಕರ್ಮಪದ ನುಂಗಿದ್ದೀರಿ. ಶೂಗೆ ಬಳಿದಾರು. ‘ರೋಲರ್‌ಗಳಿಗೆ ಮಾತ್ರ’ ಎಂದು ಸೇರಿಸಿ.
— ಪಿ.ಎಸ್.