ಹದಿನಾಲ್ಕು ಜನ ಸೇರಿ ತಿದ್ದುವ ಕನ್ನಡ ಪಠ್ಯಕ್ಕೆ ಯಾವ ಕಡತ ರೂಪ ಸರಿ?

ಸೇಡಂ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ಶರಣು. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಹದಿನಾಲ್ಕು ಜನ ಶಿಕ್ಷಕರು ಸೇರಿ ನಮ್ಮ ಭಾಗದ ಮೊಹರಂ ಪದಗಳನ್ನು (ಮೊಹರಂನಲ್ಲಿ ಹಾಡುವ ಜನಪದ ಹಾಡುಗಳನ್ನು) ಹಾಡುವ ಹಿರಿಯರ ಬಾಯಿಂದಲೇ ಕೇಳಿ, ಬರೆದುಕೊಂಡು, ಒಂದು ಪುಸ್ತಕವಾಗಿ ತರಬೇಕೆಂದಿದ್ದೇವೆ. ಪದಗಳು ಬರುತ್ತಿವೆ, ಆದರೆ ಒಬ್ಬೊಬ್ಬರಿಂದ ಒಂದೊಂದು ರೂಪದಲ್ಲಿ ಬರುತ್ತಿವೆ. ಕೆಲವರದು ಪಿಡಿಎಫ್, ಕೆಲವರದು ವರ್ಡ್‌ನ ಹಳೆಯ ಡಾಕ್ (.doc), ಕೆಲವರು ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಹಾಕಿಸಿ ಕಳಿಸುತ್ತಾರೆ. ಹೋದ ವಾರ ಶಹಾಪುರದ ಗೆಳೆಯರೊಬ್ಬರ ಕಡತವನ್ನು ತೆರೆದಾಗ ಒಂದೂ ಕನ್ನಡ ಅಕ್ಷರ ಕಾಣಲಿಲ್ಲ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ‘ನ’ ಇರಬೇಕಾದಲ್ಲಿ ಪೌಂಡ್ ಹಣದ ಗುರುತು. ಇದಕ್ಕಿಂತ ಹೆಚ್ಚು ನೋವಾದ ಸಂಗತಿ ಇನ್ನೊಂದಿದೆ. ಒಂದೇ ಪದವನ್ನು ಇಬ್ಬರು ಬೇರೆ ಬೇರೆ ಪ್ರತಿಗಳಲ್ಲಿ ತಿದ್ದಿದ್ದರು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸಿದಾಗ, ಆಳಂದದ ಕಡೆಯ ಹಿರಿಯರೊಬ್ಬರು ಎರಡನೆಯ ಭೇಟಿಯಲ್ಲಿ ನೆನಪಿಸಿಕೊಂಡು ಹಾಡಿದ್ದ ಎರಡು ಚರಣಗಳು ಹೋಗಿಬಿಟ್ಟವು. ಕೈಬರಹದ ನೋಟುಬುಕ್ಕು ಇದ್ದುದರಿಂದ ಮತ್ತೆ ಸಿಕ್ಕವು. ಎಲ್ಲರೂ ಒಪ್ಪಿ ನಡೆಯುವಂಥ ಒಂದು ರೂಪವನ್ನು ದಯವಿಟ್ಟು ಸೂಚಿಸಿ.

ಭಾಲ್ಕಿ ಅಕ್ಷರಜೋಡಣೆ

ಮಾಸ್ತರರೇ, ಕಡತದ ರೂಪಕ್ಕಿಂತ ಮೊದಲು ಅದರೊಳಗಿನ ಅಕ್ಷರವನ್ನು ಸರಿಪಡಿಸಿಕೊಳ್ಳಬೇಕು. ನೀವು ಕಂಡ ಪಿ ಮತ್ತು ಪೌಂಡ್ ಗುರುತು ಕಡತ ಕೆಟ್ಟಿರುವುದರ ಲಕ್ಷಣವಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದಾಗ ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ; ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುವುದು ಫಾಂಟು. ಆ ಫಾಂಟು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ಹೊದಿಕೆ ಕಳಚಿ ಒಳಗಿನದು ಕಾಣುತ್ತದೆ. ಇಂಥ ಪಠ್ಯವನ್ನು ವರ್ಡ್‌ನ ಡಾಕ್ಸ್ (.docx) ರೂಪದಲ್ಲಿ ಉಳಿಸಿದರೂ, ಲಿಬ್ರೆಆಫೀಸ್‌ನ ಓಡಿಟಿ (.odt) ರೂಪದಲ್ಲಿ ಉಳಿಸಿದರೂ ತೊಂದರೆ ಹಾಗೆಯೇ ಮುಂದುವರಿಯುತ್ತದೆ. ಯುನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತ ವ್ಯವಸ್ಥೆಯಲ್ಲಿ ‘ಕ’ ಎಂಬುದಕ್ಕೆ ಅದರದೇ ಸಂಖ್ಯೆ ಇರುವುದರಿಂದ ಫಾಂಟು ಯಾವುದಾದರೂ ಅಕ್ಷರ ಬದಲಾಗುವುದಿಲ್ಲ, ಹುಡುಕಿದರೆ ಸಿಗುತ್ತದೆ, ಪದಗಳ ಮೊದಲ ಸಾಲನ್ನು ಅಕಾರಾದಿಯಾಗಿ ಜೋಡಿಸಬಹುದು.

ಹಳೆಯ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ, ಆದರೆ ಅವುಗಳನ್ನು ನಂಬಿ ಸುಮ್ಮನೆ ಕೂರಬೇಡಿ. ನಡುವೆ ಇಂಗ್ಲಿಷ್ ಶಬ್ದವಿದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಕೆಡಿಸಬಹುದು. ಅರ್ಕಾವತ್ತು, ಒತ್ತಕ್ಷರಗಳ ಕಡೆ ವಿಶೇಷವಾಗಿ ಕಣ್ಣಿಡಿ. ಪರಿವರ್ತಿಸಿದ ಪ್ರತಿಯೊಂದು ಹಾಡನ್ನೂ ಮೂಲದ ಮುದ್ರಿತ ಹಾಳೆಯ ಪಕ್ಕದಲ್ಲಿಟ್ಟು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು.

ಕಲಬುರಗಿ ಕಚೇರಿ

ಮೇಲಿನವರ ಮಾತು ಸರಿ. ಆದರೆ ಹದಿನಾಲ್ಕು ಜನ ಕೂಡಿ ದುಡಿಯುವಾಗ ‘ತಿದ್ದುವ ಪ್ರತಿ’ ಮತ್ತು ‘ಓದುವ ಪ್ರತಿ’ ಬೇರೆ ಬೇರೆ ಇರಬೇಕು. ಪಿಡಿಎಫ್ ಓದುವ ಪ್ರತಿ. ಪುಟ ಹೇಗಿದೆಯೋ ಹಾಗೆ ಕಾಣಿಸುವುದು ಅದರ ಗುಣ, ತಿದ್ದಲು ಅದು ಒಗ್ಗುವುದಿಲ್ಲ. ಕನ್ನಡದ ಪಿಡಿಎಫ್‌ನಿಂದ ಪಠ್ಯವನ್ನು ನಕಲು ಮಾಡಿ ನೋಡಿ. ಯುನಿಕೋಡ್ ಆಗಿದ್ದರೂ ಎಷ್ಟೋ ಬಾರಿ ಒತ್ತಕ್ಷರ ಒಂದು ಕಡೆ, ಸ್ವರಚಿಹ್ನೆ ಇನ್ನೊಂದು ಕಡೆ ಹೋಗಿ ಬೀಳುತ್ತವೆ. ಆದ್ದರಿಂದ ಸಂಗ್ರಹಕಾರರಿಂದ ಪಿಡಿಎಫ್ ಮಾತ್ರ ಪಡೆಯುವುದನ್ನು ಇಂದೇ ನಿಲ್ಲಿಸಿ.

ತಿದ್ದುವ ಪ್ರತಿಗೆ ನನ್ನ ಆಯ್ಕೆ ಡಾಕ್ಸ್. ವರ್ಡ್ 2007ರಿಂದ ಬಳಕೆಯಲ್ಲಿರುವ ಈ ರೂಪ 2008ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಲಿಬ್ರೆಆಫೀಸ್ ಮತ್ತು ಗೂಗಲ್ ಡಾಕ್ಸ್ ಎರಡೂ ಅದನ್ನು ತೆರೆಯುತ್ತವೆ. ಬದಲಾವಣೆಗಳನ್ನು ಗುರುತಿಸುವ ಸೌಲಭ್ಯವನ್ನು ಚಾಲೂ ಮಾಡಿ ತಿದ್ದಿದರೆ ಯಾರು, ಯಾವ ಸಾಲನ್ನು, ಯಾವಾಗ ಬದಲಿಸಿದರೆಂಬುದು ಕಡತದಲ್ಲೇ ಉಳಿಯುತ್ತದೆ. ಒಂದೇ ಪ್ರತಿಯಲ್ಲಿ ಹೀಗೆ ತಿದ್ದಿದ್ದರೆ, ನಿಮ್ಮ ಎರಡು ಚರಣಗಳನ್ನು ಯಾರಾದರೂ ಅಳಿಸಿದ್ದರೂ ಅಡ್ಡಗೆರೆ ಹೊಡೆದ ರೂಪದಲ್ಲಿ ಕಣ್ಣಿಗೆ ಬೀಳುತ್ತಿದ್ದವು.

ನೆಟ್‌ವರ್ಕ್ ಚೆನ್ನಾಗಿರುವವರು ಗೂಗಲ್ ಡಾಕ್ಸ್‌ನಲ್ಲಿ ಒಂದೇ ಪ್ರತಿಯ ಮೇಲೆ ಕೂಡಿ ಬರೆಯುವುದು ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಎರಡನೆಯ ಪ್ರತಿಯೇ ಹುಟ್ಟುವುದಿಲ್ಲ ಮತ್ತು ಹಿಂದಿನ ಆವೃತ್ತಿಗೆ ಮರಳುವ ದಾರಿಯೂ ಇದೆ.

ಸುರಪುರ ಓದುಗ

ಡಾಕ್ಸ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಇದು ಹತ್ತಾರು ವರ್ಷ ಉಳಿಯಬೇಕಾದ ಸಂಗ್ರಹ, ಹಾಡುವ ಹಿರಿಯರಲ್ಲಿ ಅನೇಕರು ಮುಂದಿನ ಮೊಹರಂಗೆ ನಮ್ಮ ಜೊತೆ ಇರುತ್ತಾರೋ ಇಲ್ಲವೋ ಹೇಳಲಾಗದು. ಓಡಿಟಿ 2006ರಲ್ಲೇ ಐಎಸ್‌ಒ ಮಾನಕವಾದ ಮುಕ್ತ ರೂಪ. ಲಿಬ್ರೆಆಫೀಸ್ ಉಚಿತ, ಶಾಲೆಯ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಪರವಾನಗಿ ಕೊಳ್ಳದೆಯೂ ಹದಿನಾಲ್ಕು ಜನರೂ ಒಂದೇ ತಂತ್ರಾಂಶ ಬಳಸಬಹುದು. ಎರಡು ತಂತ್ರಾಂಶಗಳ ನಡುವೆ ಓಡಾಡಿದ ಡಾಕ್ಸ್‌ನಲ್ಲಿ ಸಾಲುಗಳು ಸರಿದಾಡಿದ್ದನ್ನು ನಾನೇ ಕಂಡಿದ್ದೇನೆ.

ಪದಗಳಿಗೆ ಸಾಲು ಮುಖ್ಯ. ಪಲ್ಲವಿಯನ್ನು ಒಳಸರಿಸಲು ಯಾರೂ ಸ್ಪೇಸ್ ಒತ್ತಬೇಡಿ. ‘ಪಲ್ಲವಿ’, ‘ಚರಣ’ ಎಂದು ಎರಡು ಶೈಲಿಗಳನ್ನು ಮಾಡಿಕೊಂಡು ಎಲ್ಲರೂ ಅವನ್ನೇ ಬಳಸಿ. ಫಾಂಟು ಬದಲಾದರೂ ಅಂಚು ಕೆಡುವುದಿಲ್ಲ. ಕೊನೆಯಲ್ಲಿ ಕಾಪಿಡಲು ಪಿಡಿಎಫ್/ಎ ಎಂಬ ರೂಪದಲ್ಲಿ ಒಂದು ಪ್ರತಿ ತೆಗೆಯಿರಿ. 2005ರ ಆ ಮಾನಕದ ಪ್ರಕಾರ ಫಾಂಟುಗಳು ಕಡತದೊಳಗೇ ಸೇರಿರಬೇಕು.

ಸೇಡಂ ಮಾಸ್ತರ

ಮೂವರಿಗೂ ಧನ್ಯವಾದಗಳು. ಭಾನುವಾರ ಕಲಬುರಗಿಯಲ್ಲಿ ಎಲ್ಲರೂ ಕೂಡಿದಾಗ ಇದನ್ನು ಓದಿ ಹೇಳಿದೆ. ಯುನಿಕೋಡ್ ಕಡ್ಡಾಯ ಎಂಬುದಕ್ಕೆ ಯಾರೂ ಎದುರು ಹೇಳಲಿಲ್ಲ. ನಮ್ಮಲ್ಲಿ ಒಂಬತ್ತು ಜನರ ಬಳಿ ಈಗಾಗಲೇ ವರ್ಡ್ ಇರುವುದರಿಂದ ತಿದ್ದುಪಡಿ ಮುಗಿಯುವವರೆಗೆ ಡಾಕ್ಸ್, ಮುಗಿದ ಪದವನ್ನು ಓಡಿಟಿ ಮತ್ತು ಪಿಡಿಎಫ್/ಎ ಎರಡರಲ್ಲೂ ಇಡುವುದೆಂದು ಒಪ್ಪಿದ್ದೇವೆ. ಪದಕ್ಕೊಂದು ಕಡತ, ಹೆಸರಿನಲ್ಲಿ ಊರು ಮತ್ತು ದಿನಾಂಕ. ತಿದ್ದುವ ಸರದಿ ಯಾರದೋ ಅವರ ಬಳಿ ಮಾತ್ರ ಕಡತ ಇರಬೇಕು. ಶಹಾಪುರದ ಗೆಳೆಯರು ಹಳೆಯ ನುಡಿಯ ಪದಗಳನ್ನು ತಾವೇ ಪರಿವರ್ತಿಸಿ, ಹಾಡಿದವರ ಎದುರಿಗೇ ಕೂತು ಓದಿಸಿಕೊಂಡು ಬರುವುದಾಗಿ ಹೇಳಿದ್ದಾರೆ. ಪೇಜ್‌ಮೇಕರ್‌ನಲ್ಲಿರುವ ಪದಗಳನ್ನು ಪಠ್ಯವಾಗಿ ಹೊರತೆಗೆದ ಅನುಭವ ಯಾರಿಗಾದರೂ ಇದ್ದರೆ ಇಲ್ಲಿ ಬರೆಯಬೇಕೆಂದು ಕೋರುತ್ತೇನೆ.

ಭಾಲ್ಕಿ ಅಕ್ಷರಜೋಡಣೆ

ಪೇಜ್‌ಮೇಕರ್‌ನಲ್ಲಿ ಪಠ್ಯವನ್ನೆಲ್ಲ ಆಯ್ದು ಆರ್‌ಟಿಎಫ್ (ಹಲವು ತಂತ್ರಾಂಶಗಳು ತೆರೆಯಬಲ್ಲ ಪಠ್ಯ ಕಡತ) ರೂಪಕ್ಕೆ ಹೊರಕಳಿಸಿ, ಆಮೇಲೆ ಪರಿವರ್ತಕಕ್ಕೆ ಕೊಡಿ. ಒಂದು ಪುಟದಲ್ಲಿ ಎರಡು ಕಂಬಸಾಲು ಇದ್ದರೆ ಪ್ರತಿಯೊಂದನ್ನೂ ಬೇರೆಯಾಗಿ ತೆಗೆಯಿರಿ, ಇಲ್ಲದಿದ್ದರೆ ಎರಡು ಪದಗಳು ಒಂದರೊಳಗೊಂದು ಸೇರಿಕೊಳ್ಳಬಹುದು.